ಬತ್ತಿದ ಹೊಳೆ ದಾಟಿದವಳು

ಈ ಊರಿನ ಅರ್ಧದಷ್ಟು ಅಜ್ಜಂದಿರನ್ನು ಹೊಳೆಗೆ ತಳ್ಳಿ, ಮುಳುಗಿಸಿ, ಮತ್ತೆ ದಂಡೆಗೆ ಎಳೆದು ಹಾಕಿದವನು ನಾನೇ. ಅದು ನನ್ನ ಹೊಟ್ಟೆಪಾಡು. ಬಾಳಕತೆ ಬರೆದುಕೊಡುವ ಅಡಿವೆಪ್ಪ ಎಲ್ಲಿರುತ್ತಾನೆ ಎಂದು ಕೇಳಿದರೆ ಯಾರಾದರೂ ನನ್ನ ಮನೆ ತೋರಿಸುತ್ತಾರೆ. ಮೊದಲೆಲ್ಲ ಬಾಗಿಲು ಬಡಿದ ಸದ್ದಾದರೆ ಖುಷಿಯಾಗುತ್ತಿತ್ತು. ಈಗ ಸುಸ್ತಾಗುತ್ತದೆ. ಮತ್ತೊಬ್ಬ ಬಂದ, ಮತ್ತೊಂದು ನೆರೆ ಏರಿಸಬೇಕು, ಮತ್ತೊಬ್ಬ ಅಜ್ಜನ ಹೆಗಲ ಮೇಲೆ ಅಳುವ ಕೂಸೊಂದನ್ನು ಕೂರಿಸಬೇಕು. ಮೊಸಳೆ ಬೇಡ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಪಕ್ಕದ ಮನೆಯವನ ಬಾಳಕತೆಯಲ್ಲಿ ಮೊಸಳೆ ಬಂದಿದೆಯಂತೆ, ಇವನಿಗೂ ಬೇಕು.

ನಮ್ಮಲ್ಲಿ ಮದುವೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ಬಾಳಕತೆ ಬರೆದು ಓದಿಸಬೇಕು. ಅದರ ಮೊದಲ ಅಧ್ಯಾಯ ಎಲ್ಲರಿಗೂ ಒಂದೇ: ಹೊಳೆ ದಾಟಿ ಈ ನಾಡಿಗೆ ಬಂದದ್ದು. ನಿಜವಾಗಿ ದಾಟಿದವರು ನಮ್ಮ ಅಜ್ಜ ಅಜ್ಜಿಯರು. ಬರೆಯುವವನು ಇಲ್ಲೇ ಈ ಓಣಿಯಲ್ಲೇ ಹುಟ್ಟಿ, ಹೊಳೆಯನ್ನು ಹತ್ತಿರದಿಂದ ಕಂಡಿರದಿದ್ದರೂ, ಅವರು ದಾಟಿದ್ದನ್ನು ತಾನೇ ಕಂಡಂತೆ ಬರೆಯಬೇಕು. ಆಮೇಲೆ ಓದುಮನೆಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ದಾಟಿದ ಅಧ್ಯಾಯ ಓದುತ್ತಿದ್ದಂತೆ ನಿಂತವರ ಕಾಲಡಿಯಲ್ಲಿ ಕಲ್ಲಿನಿಂದ ನೀರು ಏಳುತ್ತದೆ. ನೀರು ಬಂದರೆ ನಮ್ಮ ನಾಡಿನವರು. ಬರದಿದ್ದರೆ ಆಚೆ ದಂಡೆಗೆ ಹೋಗಬೇಕು. ಹಾಗೆ ಹೋದವರು ಯಾರೂ ಇಲ್ಲ. ಹೋಗದಂತೆ ಬರೆಯುವುದಕ್ಕೆ ನಾನಿದ್ದೇನಲ್ಲ.

ನೀರು ಎಷ್ಟು ಬಂತು ಎನ್ನುವುದರ ಮೇಲೆ ಊರಿನಲ್ಲಿ ಮನೆತನ ನಿಂತಿದೆ. ಮೊಣಕಾಲು ನೀರಿನ ಮನೆಯವರು ಹಿಮ್ಮಡಿ ನೀರಿನವರಿಗೆ ಹೆಣ್ಣು ಕೊಡುವುದಿಲ್ಲ. ಓದುಮನೆಯ ಎದುರಿನ ಅಂಗಡಿಯವನು ಟವೆಲ್ ಮಾರಿಯೇ ಮಾಳಿಗೆ ಕಟ್ಟಿಸಿದ. ಅಲ್ಲಿ ನೆಲ ಒರೆಸುವ ಫಕೀರವ್ವ ನನ್ನನ್ನು ಕಂಡಾಗಲೆಲ್ಲ ಸೊಂಟ ಹಿಡಿದುಕೊಂಡು ನಿಲ್ಲುತ್ತಾಳೆ. "ಅಡಿವೆಪ್ಪಣ್ಣಾ, ಮುಂದಿನ ಸಲ ಸ್ವಲ್ಪ ಕಡಿಮಿ ಬರೀರಿ. ನೀವು ಕುಂತಲ್ಲೇ ಹೊಳಿ ತರ್ತೀರಿ, ಹಿಂಡಿ ಹೊರಗ ಚೆಲ್ಲಾಕಿ ನಾನು" ಎನ್ನುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ.

ನನ್ನ ಬಾಳಕತೆಯ ಕತೆ ಬೇರೆ. ಅದನ್ನು ಬರೆದಾಗ ನಾನಿನ್ನೂ ಈ ಕಸುಬು ಕಲಿತಿರಲಿಲ್ಲ. ನಮ್ಮಜ್ಜ ಒಂದು ಕಂಬಳಿ ಹೊದ್ದುಕೊಂಡು ಬರಿಗೈಯಲ್ಲಿ ದಾಟಿದ, ಅವನ ಹತ್ತಿರ ಬೇರೆ ಏನೂ ಇರಲಿಲ್ಲ ಎಂದಷ್ಟೇ ಬರೆದಿದ್ದೆ. ಕಾಲಿನ ಉಗುರು ಒದ್ದೆಯಾಗುವಷ್ಟು ನೀರು ಬಂತು. ಜನ ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಉಗುರು ನೀರಿನವನಿಗೆ ಯಾರೂ ಹೆಣ್ಣು ಕೊಡಲಿಲ್ಲ. ಬೇರೆಯವರ ಮನೆಗೆ ಮೊಣಕಾಲು ನೀರು ತಂದುಕೊಟ್ಟು, ಅವರ ಮದುವೆಯ ಊಟ ಉಂಡು ಬಂದು, ನನ್ನ ಮನೆಯಲ್ಲಿ ಒಬ್ಬನೇ ಮಲಗುವುದು ರೂಢಿಯಾಗಿ ಹೋಗಿದೆ.

ಊರು ಹೊಳೆಗೆ ಬೆನ್ನು ಮಾಡಿ ಕೂತಿದೆ. ಆ ಕಡೆಗೆ ಕಿಟಕಿ ಇಟ್ಟು ಮನೆ ಕಟ್ಟಿದವರಿಲ್ಲ. ಕುಡಿಯುವುದಕ್ಕೆ ಬಾವಿಗಳಿವೆ, ಹೊಳೆಗೆ ಯಾರೂ ಇಳಿಯುವುದಿಲ್ಲ. ಮಳೆಗಾಲದಲ್ಲಿ ಅದು ಕೆಂಪಗೆ ತುಂಬಿ ಹರಿಯುವಾಗ ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ, ನೋಡ್ರಿ, ಇದನ್ನ ದಾಟಿ ಬಂದೀವಿ ನಾವು ಎಂದು ತೋರಿಸುತ್ತಾರೆ. ದಾಟಿ ಬಂದ ನೆನಪಿಗೆ ಮಾಡುವ ದಾಟುಹಬ್ಬ ಬರುವುದು ಮಾತ್ರ ನಡುಬೇಸಿಗೆಯಲ್ಲಿ. ಆಗ ಹೊಳೆಯಲ್ಲಿ ಉಸುಕು ಬಿಟ್ಟರೆ ಬೇರೇನೂ ಇರುವುದಿಲ್ಲ. ಆಗ ಗುಡ್ಡಕ್ಕೆ ಯಾರೂ ಹೋಗುವುದಿಲ್ಲ. ಹಬ್ಬ ಆ ತಿಂಗಳಲ್ಲೇ ಯಾಕೆ ಬರುತ್ತದೆ ಎಂದು ಕೇಳಿದವರೂ ಇಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿಕೊಂಡ ಹಾಗೆ.

ಬಾಳಕತೆ ಬರೆಯಬೇಕಾಗಿಲ್ಲದವರು ಕಾಲಿಟ್ಟು ಹೊಳೆ ದಾಟಿದವರು ಮಾತ್ರ. ಅವರು ದಾಟಿದ್ದನ್ನು ಕಣ್ಣಾರೆ ಕಂಡವರೊಬ್ಬರು ಪ್ರತಿ ವರ್ಷ ದಾಟುಹಬ್ಬದ ದಿನ ಊರವರ ಎದುರು ಎದ್ದು ನಿಂತು, ಇವರು ದಾಟಿದ್ದನ್ನು ನಾ ನೋಡೀನಿ ಎಂದು ಹೇಳಿದರೆ ಮುಗಿಯಿತು. ಅಂಥವರು ಒಬ್ಬೊಬ್ಬರಾಗಿ ತೀರಿಕೊಂಡು ಕೊನೆಗೆ ಉಳಿದವರು ಇಬ್ಬರು, ಭರಮಣ್ಣ ಮತ್ತು ಸಂಕವ್ವ. ಒಬ್ಬರಿಗೊಬ್ಬರು ಸಾಕ್ಷಿ ಹೇಳಿಕೊಂಡು ಬಹಳ ವರ್ಷ ತಳ್ಳಿದರು. ಕಳೆದ ಚಳಿಗಾಲದಲ್ಲಿ ಭರಮಣ್ಣ ಸತ್ತ. ಸಂಕವ್ವನಿಗೆ ಸಾಕ್ಷಿ ಇಲ್ಲದಂತಾಯಿತು.

ಈ ಸಂಕವ್ವ ನನ್ನನ್ನು ಸಾಕಿದವಳು. ನನ್ನ ತಾಯಿ ಹೋದಾಗ ನಾನಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದೆನಂತೆ. ಪಕ್ಕದ ಮನೆಯ ಸಂಕವ್ವ ಬಂದು ಎತ್ತಿಕೊಂಡು ಹೋದಳು, ಅಷ್ಟೆ. ನಾನು ಅವಳನ್ನು ಆಯಿ ಎನ್ನುತ್ತೇನೆ. ಹಳೆಯ ಸೀರೆ ಧೋತರಗಳನ್ನು ಸೇರಿಸಿ ಕೌದಿ ಹೊಲೆಯುವುದು ಅವಳ ಕೆಲಸ. ಊರಿನ ಕೂಸುಗಳೆಲ್ಲ ಅವಳ ಕೌದಿಯ ಮೇಲೆ ಮಲಗಿಯೇ ದೊಡ್ಡವರಾದದ್ದು. ಅವಳದು ಒಂದು ವಿಚಿತ್ರ ರೂಢಿ. ಮನೆಯಿಂದ ಹೊರಗೆ ಕಾಲಿಟ್ಟರೆ ಕೈಯಲ್ಲಿ ನೀರು ತುಂಬಿದ ತಂಬಿಗೆ ಇರಲೇಬೇಕು. ಎರಡು ಮನೆ ಆಚೆ ಹೋಗುವುದಿದ್ದರೂ ಸರಿ. ಚಿಕ್ಕವನಾಗಿದ್ದಾಗ ನಾನು ನಗುತ್ತಿದ್ದೆ. ಆಯಿ ನಗುತ್ತಿರಲಿಲ್ಲ.

ಓದುಮನೆಯ ಯಜಮಾನ ರಾಚೋಟಪ್ಪನವರು ಹಬ್ಬಕ್ಕೆ ಸ್ವಲ್ಪ ಮೊದಲು ನನ್ನನ್ನು ಕರೆಸಿದರು. ಕೆಟ್ಟವರಲ್ಲ. ಕೇಳಿ ಕೇಳಿ ದಣಿದವರು. ಆ ಕುರ್ಚಿಯಲ್ಲಿ ಕೂತು ಎಷ್ಟು ನೆರೆಗಳನ್ನು ಕಣ್ಣು ಮುಚ್ಚಿಕೊಂಡು ಕೇಳಿದ್ದಾರೋ.

"ಸಂಕವ್ವಾರದು ಒಂದು ಬರದು ಓದಿಸಿ ಬಿಡ್ರಿ ಅಡಿವೆಪ್ಪ" ಎಂದರು. "ಹಿರೇರಿಗೆ ಹೇಳಾಕ ನನಗೂ ಮನಸಿಲ್ಲ. ಆದರ ಒಬ್ಬರಿಗೆ ಬಿಟ್ಟರ ನಾಳೆ ಎಲ್ಲಾರೂ ಕೇಳ್ತಾರ. ಹಬ್ಬದೊಳಗ ನೀರು ಬರಲಿಲ್ಲ ಅಂದರ ಆಚಿ ದಂಡಿಗೆ ಕಳಸಬೇಕಾಗ್ತದ. ಈ ರೂಲು ನಾ ಮಾಡಿದ್ದಲ್ಲ."

"ಬರೀತೀನ್ರಿ ಯಜಮಾನ್ರ. ಅದೇನು ದೊಡ್ಡ ಮಾತು" ಎಂದೆ.

ದೊಡ್ಡ ಮಾತೆಂದು ನನಗೆ ನಿಜವಾಗಿಯೂ ಅನಿಸಿರಲಿಲ್ಲ. ಹೊಳೆ ದಾಟದವರಿಗೇ ಮೊಣಕಾಲು ನೀರು ತರಿಸುವವನು ನಾನು. ದಾಟಿ ಬಂದವಳಿಗೆ ಸೊಂಟದವರೆಗೆ ತರಿಸಿದರೂ ತರಿಸಿದೆ ಎಂದುಕೊಂಡು ಆಯಿಯ ಕಟ್ಟೆಗೆ ಹೋಗಿ ಕೂತೆ. ಅವಳು ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು. ಪೋಣಿಸಿ ಕೊಟ್ಟು, ವಿಷಯ ಹೇಳಿದೆ.

"ಎಷ್ಟು ನೀರು ಬರೂಹಂಗ ಬರೀಲಿ ಆಯಿ?"

ಆಯಿ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ನೀರು ಇದ್ದಿಲ್ಲೋ" ಎಂದಳು. "ಹೊಳಿ ಬತ್ತಿತ್ತು. ಈಗ ಹೆಂಗ ಐತಿ ಹಂಗ."

ಗೊತ್ತಿಲ್ಲದ ವಿಷಯವೇನಲ್ಲ. ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಒಬ್ಬರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭರಮಣ್ಣ ಕೂಡ ಕೊನೆಕೊನೆಗೆ ನೆರೆಯ ಕತೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದ.

"ಆ ದಂಡ್ಯಾಗಿನವರು ಬಾವಿಗೆ ಕೀಲಿ ಹಾಕಿದರು" ಎಂದು ಆಯಿ ಹೇಳಿದಳು. "ನಿಮಗ ನೀರಿಲ್ಲ, ನಡೀರಿ ಅಂದರು. ನಡು ಮಧ್ಯಾಹ್ನ ಹೊಂಟ್ವಿ. ನನ್ನ ತಂಗಿ ಚಂದವ್ವ, ಐದು ವರ್ಷದಾಕಿ, ನನ್ನ ಕೈ ಹಿಡಕೊಂಡಿದ್ಲು. ಹೊಳಿ ನಟ್ಟನಡುವ ಬಂದಾಗ ನೀರು ನೀರು ಅಂತ ಕುಂತ್ಲು. ನಮ್ಮಪ್ಪ ಉಸುಕು ತೋಡಿದ, ಮೊಣಕೈ ಮಟ ತೋಡಿದ, ಒರತಿ ಬರಲಿಲ್ಲ. ಅಲ್ಲೇ ಹೋದ್ಲು. ಅದೇ ತೆಗ್ಗಿನಾಗ ಇಟ್ಟು ಬಂದ್ವಿ." ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. "ಒಬ್ಬರ ಹತ್ತಿರ ನೀರು ಇತ್ತು. ಕಂಬಳಿಯೊಳಗೋ ಗಂಟಿನೊಳಗೋ ಮುಚ್ಚಿಟ್ಟಿದ್ದರು. ಕುಲುಕೂ ಸಪ್ಪಳ ನಾ ಕೇಳೀನಿ. ಕೊಡಲಿಲ್ಲ."

"ಯಾರು?"

"ಅದನ್ನ ಹೇಳೂದಿಲ್ಲ. ಹೇಳಿದರ ಅವರ ಮೊಮ್ಮಕ್ಕಳಿಗೆ ನೀರು ಗಂಟಲಾಗ ಇಳಿಯೂದಿಲ್ಲ. ಆದರ ಚಂದವ್ವನ ಹೆಸರು ಬರಿ. ಇಷ್ಟು ಮಂದಿ ದಾಟಿದ್ದು ಬರದೀ, ಆಕಿದೊಂದು ಬರೀಲಿಲ್ಲ ನೋಡು."

ನನಗೆ ನಾಲಗೆ ಒಣಗಿದಂತಾಯಿತು. ಆದರೂ ವಾದ ಮಾಡಿದೆ. ನೀರಿಲ್ಲದ ಹೊಳೆ ಬರೆದರೆ ಕಲ್ಲಿನಿಂದ ನೀರು ಏಳುವುದಿಲ್ಲ, ನಿನ್ನನ್ನು ಆಚೆಗೆ ಕಳಿಸುತ್ತಾರೆ, ಅಲ್ಲಿ ನರಪಿಳ್ಳೆ ಇಲ್ಲ, ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುತ್ತಿ ಎಂದು ಕೇಳಿದೆ. ನಾನು ನೆರೆ ಬರೆಯುತ್ತೇನೆ, ನೀನು ಸುಮ್ಮನೆ ನಿಂತುಕೋ, ನಿಲ್ಲುವುದೊಂದೇ ನಿನ್ನ ಕೆಲಸ ಎಂದು ಕೈ ಹಿಡಿದುಕೊಂಡೆ. ಆಯಿ ಏನೂ ಹೇಳಲಿಲ್ಲ. ಒಪ್ಪಿದಳು ಎಂದುಕೊಂಡು ಎದ್ದು ಬಂದೆ. ಅವಳು ಸುಮ್ಮನಿದ್ದಾಗಲೆಲ್ಲ ಒಪ್ಪಿಲ್ಲವೆಂದೇ ಅರ್ಥ ಎಂದು ಇಷ್ಟು ವರ್ಷವಾದರೂ ನನಗೆ ತಲೆಗೆ ಹತ್ತಿಲ್ಲ.

ಬರೆಯುವಾಗ ಇದ್ದಬದ್ದ ಕೈಚಳಕವನ್ನೆಲ್ಲ ಹಾಕಿದೆ. ಬೇರೆಯವರಿಗೆ ಕೊಡದೆ ಇಟ್ಟುಕೊಂಡಿದ್ದ ಸುಳಿ, ಬೇರು ಸಮೇತ ತೇಲಿ ಬರುವ ಹುಣಸೆಮರ, ಒರಲುವ ದನಗಳು, ಎಲ್ಲವನ್ನೂ ಆಯಿಗೆಂದು ಸುರಿದೆ. ಚಂದವ್ವನ ಹೆಸರನ್ನೂ ಹಾಕಿದೆ. ಅವಳನ್ನು ನೆರೆಯ ನೀರಿನಲ್ಲಿ ಮುಳುಗಿಸಿದೆ. ಹೆಸರು ಬಂತಲ್ಲ, ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಓದುವ ದಿನ ಊರೆಲ್ಲ ಸೇರಿತ್ತು. ದಾಟಿದವರಲ್ಲಿ ಕಟ್ಟಕಡೆಯವಳ ಕಾಲಡಿಯಲ್ಲಿ ಎಷ್ಟು ನೀರು ಬರುತ್ತದೋ ನೋಡಬೇಕೆಂದು ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು, ಕೂಸುಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಂದಿದ್ದರು. ಫಕೀರವ್ವ ಮೂಲೆಯಲ್ಲಿ ಬಕೆಟ್ಟುಗಳನ್ನು ಜೋಡಿಸಿಟ್ಟಿದ್ದಳು. ಆಯಿ ತಂಬಿಗೆ ಹಿಡಿದೇ ಬಂದು, ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತಳು. ಅವಳ ಪಾದಗಳು ಅಷ್ಟು ಚಿಕ್ಕವು ಎಂದು ನಾನು ಗಮನಿಸಿಯೇ ಇರಲಿಲ್ಲ.

ಓದತೊಡಗಿದೆ. ಮೋಡ ಕವಿಯಿತು, ಹೊಳೆ ಏರಿತು, ಹುಣಸೆಮರ ತೇಲಿ ಬಂತು. ಕಲ್ಲಿನ ಸಂದಿನಿಂದ ನೀರು ಬಂತು. ಪಾದ ಮುಚ್ಚಿತು, ಹಿಮ್ಮಡಿ ಮುಚ್ಚಿತು. ಜನ ಹೋ ಎಂದರು. ರಾಚೋಟಪ್ಪನವರು ಕಣ್ಣು ತೆರೆದು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ನನಗೆ ಉಸಿರು ಬಂದಂತಾಯಿತು. ಆಗ ಚಂದವ್ವ ನೆರೆಯಲ್ಲಿ ಕೊಚ್ಚಿಹೋದಳು ಎನ್ನುವ ಸಾಲು ಬಂತು. ಆಯಿ ಬಗ್ಗಿ ಆ ನೀರನ್ನು ನೋಡಿದಳು.

"ಅವತ್ತ ಎಲ್ಲಿದ್ದಿ ನೀ?" ಎಂದು ಕೇಳಿದಳು.

ಕೇಳಿದ್ದು ನನ್ನನ್ನಲ್ಲ, ನೀರನ್ನು. ಬಯ್ಯುವ ದನಿಯಲ್ಲೂ ಅಲ್ಲ. ತಡವಾಗಿ ಮನೆಗೆ ಬಂದ ಮಗನನ್ನು ಕೇಳಿದ ಹಾಗೆ ಕೇಳಿದಳು. ಆಮೇಲೆ ಸೀರೆ ಎತ್ತಿಕೊಂಡು ಆ ನೀರಿನಿಂದ ಈಚೆ ಒಣಗಿದ ಕಲ್ಲಿನ ಮೇಲೆ ಬಂದು ನಿಂತಳು.

"ಅಡಿವೆಪ್ಪ, ನಿಲ್ಲಸು. ಇದು ನಂದಲ್ಲ" ಎಂದಳು. ಜನರ ಕಡೆ ತಿರುಗಿ, ಕಟ್ಟೆಯ ಮೇಲೆ ನನಗೆ ಹೇಳಿದ್ದನ್ನೇ ಹೇಳಿದಳು. ಬಾವಿಗೆ ಕೀಲಿ ಹಾಕಿದ್ದು, ಬತ್ತಿದ ಹೊಳೆ, ಅಪ್ಪ ತೋಡಿದ ತೆಗ್ಗು, ಚಂದವ್ವ. ಒಬ್ಬರ ಗಂಟಿನಲ್ಲಿ ಕುಲುಕಿದ ನೀರು. ಹೆಸರು ಹೇಳಲಿಲ್ಲ. ಅವಳು ಹೇಳುತ್ತಿದ್ದಂತೆ ಕಲ್ಲುಹಾಸಿನ ಮೇಲಿದ್ದ ನೀರೆಲ್ಲ ಬಂದ ಸಂದಿನಲ್ಲೇ ಇಳಿದುಹೋಯಿತು. ನೆಲ ಒರೆಸಿದಂತೆ ಒಣಗಿತು. ಫಕೀರವ್ವ ಬಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬ ಎದ್ದು ಬಾಗಿಲ ಬಳಿಯ ಮಡಕೆಯಿಂದ ನೀರು ಕುಡಿದ. ಇನ್ನೊಬ್ಬಳು ಎದ್ದಳು. ಸ್ವಲ್ಪ ಹೊತ್ತಿನಲ್ಲಿ ಮಡಕೆಯ ಮುಂದೆ ಸಾಲು ನಿಂತಿತು, ಮಡಕೆ ಬರಿದಾದರೂ ಸಾಲು ಕರಗಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಅಜ್ಜನ ಗಂಟನ್ನು ಬಿಚ್ಚಿ ನೋಡುತ್ತಿದ್ದರೆಂದು ಕಾಣುತ್ತದೆ. ಮೊಣಕಾಲು ನೀರಿನ ಮನೆಯವರೂ ನೋಡುತ್ತಿದ್ದರು, ಹಿಮ್ಮಡಿ ನೀರಿನವರೂ. ರಾಚೋಟಪ್ಪನವರು ಕುರ್ಚಿಯಲ್ಲಿ ಮುಂದೆ ಬಗ್ಗಿದರು.

"ಸಂಕವ್ವಾರ, ನೀರು ಹೋತು" ಎಂದರು. "ನೀವು ಕಣ್ಣಾರೆ ನೋಡಿದ್ರಿ. ಇನ್ನೊಮ್ಮೆ ಓದಿಸೋಣು. ಅಡಿವೆಪ್ಪ ಬರದದ್ದನ್ನ ಓದಲಿ, ನೀವು ನಿಂದರ್ರಿ ಸಾಕು."

"ನಿಂದರೂದಿಲ್ಲಪಾ. ಆಚಿ ದಂಡಿಗೆ ಹೋಗೂದು ಯಾವತ್ತು?"

"ಹಬ್ಬದ ದಿನ" ಎಂದರು. ಆ ಮಾತು ಅವರ ಬಾಯಿಂದ ಹೊರಡಬೇಕಾದರೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಎಷ್ಟು ಬೇಡಿಕೊಂಡೆನೋ. ಅತ್ತೆ, ರೇಗಿದೆ, ಮಾತು ಬಿಟ್ಟೆ. ಆಯಿ ತನ್ನ ಪಾಡಿಗೆ ಕೈಯಲ್ಲಿದ್ದ ಕೌದಿಗಳನ್ನು ಮುಗಿಸಿ ಯಾರ್‍ಯಾರ ಮನೆಯದನ್ನು ಅವರವರ ಮನೆಗೆ ಮುಟ್ಟಿಸಿದಳು. ಮುಟ್ಟಿಸಿಕೊಂಡವರು ಒಳಗೆ ಬಾ ಎನ್ನಲೂ ಆಗದೆ ಹೋಗು ಎನ್ನಲೂ ಆಗದೆ ಹೊಸ್ತಿಲಲ್ಲೇ ನಿಂತರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೂ ಬರಲಿಲ್ಲ. ಕುಳಿತಲ್ಲಿಂದ ಏಳಲಾಗದಷ್ಟು ಆಯಾಸ ಬಂದಿತ್ತು, ಅಷ್ಟೆ. ಒಬ್ಬ ಮದುಮಗ ಬಾಳಕತೆ ಬರೆಸಲು ಬಂದವನು ಬಾಗಿಲಲ್ಲೇ ಕೇಳಿದ: "ಅಣ್ಣಾರ, ನಮ್ಮಜ್ಜ ಏನು ಹೊತ್ತುಕೊಂಡು ಬಂದಿದ್ದ ಅಂತ ಬರೀತೀರಿ?" ಕೂಸು ಎಂದು ಬರೆಯೋಣ ಎಂದೆ. ಗಂಟು ಬೇಡ, ಗಂಟು ಮಾತ್ರ ಬರೆಯಬೇಡಿ ಎಂದು ಹೇಳಿ ಹೋದ.

ಹಬ್ಬದ ದಿನ ಬಿಸಿಲು ಏರುವ ಹೊತ್ತಿಗೆ ಆಯಿ ಹೊರಟಳು. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ತಂಬಿಗೆ. ಅವಳ ಬಟ್ಟೆಗಂಟನ್ನು ನಾನು ಹೊತ್ತೆ. ಒಬ್ಬಳನ್ನೇ ಕಳಿಸುವುದು ನನ್ನಿಂದಾಗುತ್ತಿರಲಿಲ್ಲ. ಅಲ್ಲಿ ಆಕೆಯ ಜೊತೆ ಇರುವುದೋ ಬಿಟ್ಟು ಬರುವುದೋ ಅದನ್ನೂ ಯೋಚಿಸಿರಲಿಲ್ಲ. ಊರು ಹಿಂದೆಯೇ ಬಂತು. ಇಷ್ಟು ವರ್ಷ ಬೆನ್ನು ತೋರಿಸಿದ ಹೊಳೆಯ ದಂಡೆಯ ಮೇಲೆ ಹಬ್ಬದ ಬಟ್ಟೆಯಲ್ಲಿ ಸಾಲಾಗಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿತು. ಎದುರಿಗೆ ಕಣ್ಣು ಕುಕ್ಕುವ ಬಿಳಿ ಉಸುಕು.

ಉಸುಕಿನಲ್ಲಿ ನಡೆಯುವುದು ಎಂಥ ಕಷ್ಟ ಎಂದು ನನಗೆ ಗೊತ್ತೇ ಇರಲಿಲ್ಲ. ಹೆಜ್ಜೆ ಇಟ್ಟಲ್ಲಿ ಕಾಲು ಹೂತುಕೊಳ್ಳುತ್ತದೆ, ಚಪ್ಪಲಿಯೊಳಗೆ ಕೆಂಡ ಹೊಕ್ಕಂತಾಗುತ್ತದೆ. ಸ್ವಲ್ಪ ದೂರದಲ್ಲೇ ಬಾಯಿ ಒಣಗಿತು. ನಾನು ನೀರು ತಂದಿರಲಿಲ್ಲ. ಜೀವಮಾನವೆಲ್ಲ ಹೊಳೆಯನ್ನು ನೀರಿನಿಂದ ತುಂಬಿಸಿದವನಿಗೆ, ಹೊಳೆಗೆ ಹೋಗುವಾಗ ನೀರು ಒಯ್ಯಬೇಕೆಂದು ಹೊಳೆಯಲೇ ಇಲ್ಲ. ಆಯಿ ತಂಬಿಗೆ ಮುಂದೆ ಹಿಡಿದಳು. ಒಂದು ಗುಟುಕು ಕುಡಿದೆ. ಅವಳು ಕುಡಿಯಲಿಲ್ಲ.

ನಟ್ಟನಡುವೆ ಒಂದು ಕಡೆ ನಿಂತಳು. ನನಗೆ ಅಲ್ಲಿ ಗುರುತು ಹಿಡಿಯುವಂಥದ್ದೇನೂ ಕಾಣಲಿಲ್ಲ. ಎಷ್ಟೋ ಮಳೆಗಾಲಗಳ ನೆರೆ ಆ ಉಸುಕನ್ನು ಕದಡಿ ಹೋಗಿರಬೇಕು. ಅವಳಿಗೆ ಹೇಗೆ ಗೊತ್ತಾಯಿತೋ ಕೇಳಲಿಲ್ಲ. ಕೋಲು ಊರಿ ಮೆಲ್ಲಗೆ ಕೂತು, ಅಂಗೈಯಿಂದ ಉಸುಕು ಸರಿಸಿ ಸಣ್ಣದೊಂದು ತೆಗ್ಗು ಮಾಡಿ, ತಂಬಿಗೆಯನ್ನು ಅದರಲ್ಲಿ ಬಗ್ಗಿಸಿದಳು.

"ಆಯಿ, ಎಲ್ಲಾ ಹಾಕಬ್ಯಾಡ. ಇನ್ನೂ ಅರ್ಧ ಹಾದಿ ಐತಿ" ಎಂದೆ.

"ಇದು ಆಕಿದು" ಎಂದಳು. "ಕುಡಿ ಚಂದವ್ವ. ತಡಾ ಆತು."

ಕೊನೆಯ ಹನಿಯವರೆಗೂ ಹಾಕಿದಳು. ಉಸುಕು ಕುಡಿಯಿತು. ಸ್ವಲ್ಪ ಹೊತ್ತು ಅಲ್ಲಿ ಅಂಗೈ ಅಗಲ ಕಪ್ಪು ಕಲೆ ಇತ್ತು, ನೋಡುತ್ತಿದ್ದಂತೆ ಅದೂ ಆರಿತು. ನನಗೆ ಅಳು ಬಂತು. ಅಳುವುದಕ್ಕೂ ಕಣ್ಣಲ್ಲಿ ಪಸೆ ಇರಲಿಲ್ಲ.

ಆಚೆ ದಂಡೆಯಲ್ಲಿ ಜಾಲಿಗಿಡಗಳು ಬಿಟ್ಟರೆ ಏನೂ ಇರಲಿಲ್ಲ. ಕೀಲಿ ಹಾಕಿದ್ದ ಬಾವಿ ಎಂದೋ ಕುಸಿದು ಮುಚ್ಚಿಹೋಗಿತ್ತು. ಆಯಿ ದಂಡೆ ಏರಿ, ಒಂದು ಜಾಲಿಯ ನೆರಳಲ್ಲಿ ಕಾಲು ಚಾಚಿ ಕೂತಳು. ಅವಳ ತುಟಿ ಬಿರಿದಿತ್ತು. ಅವಳು ಇಲ್ಲೇ ಪ್ರಾಣ ಬಿಡುತ್ತಾಳೇನೋ ಎನಿಸಿತು. ಈ ಕಡೆಯಿಂದ ನೋಡಿದರೆ ನಮ್ಮೂರಿನ ದಂಡೆಯ ಮೇಲೆ ಜನ ಇನ್ನೂ ಹಾಗೆಯೇ ನಿಂತಿದ್ದರು. ಒಬ್ಬರೂ ಮನೆಗೆ ಹೋಗಿರಲಿಲ್ಲ.

"ಅಡಿವೆಪ್ಪ" ಎಂದಳು ಆಯಿ. "ಕಾಲಿಟ್ಟು ಹೊಳಿ ದಾಟಿ ಬಂದವರು ಬಾಳಕತಿ ಬರಸಬೇಕಾಗಿಲ್ಲ. ಕಂಡವರೊಬ್ಬರು ಇದ್ದರ ಸಾಕು. ಹೌದಲ್ಲ?"

"ಹೌದು. ಭರಮಣ್ಣ ಇದ್ದಿದ್ದರ..."

"ಅಲ್ಲಿ ನಿಂತವರಿಗೆ ಕಣ್ಣಿಲ್ಲೇನು?" ಎಂದು ಕೋಲು ಊರಿ ಎದ್ದಳು. "ನಡಿ. ದಾಟೋಣು."

ಆಗ ನನಗೆ ತಿಳಿಯಿತು. ತಿಳಿದು ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಬಿಸಿಲು ನೆತ್ತಿಯ ಮೇಲಿತ್ತು, ತಂಬಿಗೆ ಬರಿದಾಗಿತ್ತು. ಹೊತ್ತುಕೊಳ್ಳುತ್ತೇನೆ ಎಂದೆ. ಹೊತ್ತುಕೊಂಡು ಬಂದರೆ ದಾಟಿದ್ದು ನೀನಾಗುತ್ತಿ, ನಾನಲ್ಲ ಎಂದು ಬೈದಳು. ಅವಳ ಹಿಂದೆ ಹಿಂದೆ ನಡೆದೆ. ನಡೆದು ನಿಲ್ಲುತ್ತಿದ್ದಳು, ನಿಂತು ನಡೆಯುತ್ತಿದ್ದಳು. ತೆಗ್ಗು ತೋಡಿದ ಜಾಗ ದಾಟುವಾಗ ತಿರುಗಿ ನೋಡಲಿಲ್ಲ. ನಾನು ಬರೆದ ಯಾವ ಅಜ್ಜನೂ ಅಷ್ಟು ನಿಧಾನವಾಗಿ ಹೊಳೆ ದಾಟಿರಲಿಲ್ಲ. ಅಷ್ಟು ಬಗ್ಗಿ, ಅಷ್ಟು ಏದುಸಿರು ಬಿಟ್ಟು ಯಾರೂ ದಾಟಿರಲಿಲ್ಲ. ದಂಡೆಯ ಮೇಲಿನವರು ಒಂದೊಂದು ಹೆಜ್ಜೆಯನ್ನೂ ನೋಡುತ್ತಿದ್ದರು. ಈ ನಾಡು ಹೊಳೆ ದಾಟುವುದನ್ನು ನಿಜವಾಗಿ ನೋಡಿದ್ದು ಅಂದೇ.

ದಂಡೆಯ ಬುಡಕ್ಕೆ ಬಂದಾಗ ಕೈ ಕೊಡಲು ಒಬ್ಬಿಬ್ಬರು ಮುಂದೆ ಬಂದರು. ಕೋಲಿನಿಂದ ಅವರನ್ನು ಸರಿಸಿ ತಾನೇ ಏರಿದಳು. ಏರಿ ಕುಸಿದು ಕೂತಳು. ಕಾಲಿನ ತುಂಬ ಒಣ ಉಸುಕು. ರಾಚೋಟಪ್ಪನವರು ಆ ಕಾಲನ್ನು ನೋಡಿದರು, ಜನರನ್ನು ನೋಡಿದರು.

"ಏನು ಕಂಡ್ರಿ?" ಎಂದು ಕೇಳಿದರು.

ಜನ ತಮ್ಮ ತಮ್ಮ ಕಾಲು ನೋಡಿಕೊಂಡರು. ಕಂಡದ್ದನ್ನು ಹೇಳಿದರೆ ತಮ್ಮ ಮೊಣಕಾಲು ನೀರು ಎಲ್ಲಿ ಉಳಿಯುತ್ತದೆ? ಕೊನೆಗೆ ಫಕೀರವ್ವ, ಒರೆಸುವ ಬಟ್ಟೆ ಇನ್ನೂ ಹೆಗಲ ಮೇಲಿದ್ದ ಹಾಗೆಯೇ, ಮುಂದೆ ಬಂದಳು.

"ಸಂಕವ್ವಾಯಿ ಹೊಳಿ ದಾಟಿ ಬಂದ್ಲು. ನಾ ನೋಡೀನಿ" ಎಂದಳು.

"ನಾನೂ ನೋಡೀನಿ" ಎಂದ ಟವೆಲ್ ಅಂಗಡಿಯವನು. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಹೇಳಿದರು. ರಾಚೋಟಪ್ಪನವರು ಎಲ್ಲರಿಗಿಂತ ಕೊನೆಗೆ, ಮೆಲ್ಲಗೆ, ನಾನೂ ನೋಡೀನಿ ಎಂದರು. ಅಲ್ಲಿಗೆ ರೂಲು ತೀರಿತು.

ಆಯಿಗೆ ಅದಾವುದೂ ಕೇಳಿಸಿದಂತೆ ಕಾಣಲಿಲ್ಲ. ಅವಳು ತಲೆ ಎತ್ತಿ ಸುತ್ತಲೂ ನೋಡಿ ಕೇಳಿದಳು: "ಯಾರ ಹತ್ತಿರರೆ ನೀರು ಐತೇನ್ರೆವಾ?"

ಯಾರ ಹತ್ತಿರವೂ ಇರಲಿಲ್ಲ. ಅಷ್ಟು ದೊಡ್ಡ ಊರು, ಅಷ್ಟು ನೆರೆಗಳನ್ನು ದಾಟಿದ ಮಂದಿ, ಹೊಳೆಯ ದಂಡೆಗೆ ಬರುವಾಗ ಒಬ್ಬರೂ ಒಂದು ಗುಟುಕು ನೀರು ತಂದಿರಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು. ಮರುಕ್ಷಣ ಊರಿಗೆ ಊರೇ ಎದ್ದು ಓಡಿತು. ಹೆಂಗಸರು ಸೀರೆ ಎತ್ತಿಕೊಂಡು ಓಡಿದರು, ಗಂಡಸರು ಚಪ್ಪಲಿ ಬಿಟ್ಟು ಓಡಿದರು. ಕುರ್ಚಿಯಿಂದ ಏಳಲು ಇಬ್ಬರ ಕೈ ಬೇಕಾಗುತ್ತಿದ್ದ ರಾಚೋಟಪ್ಪನವರೂ ಓಡಿದರು. ನಾನು ಆಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಅಂಗಿಯಿಂದ ನೆರಳು ಮಾಡಿ ಕೂತೆ. ಅವಳ ಎದೆ ಏರಿಳಿಯುವುದನ್ನು ನೋಡುತ್ತ ಇದ್ದೆ.

ಮೊದಲು ಫಕೀರವ್ವ ಬಂದಳು. ಆಯಿ ಕುಡಿದಳು. ಬಣ್ಣ ತಿರುಗಿತು, ಎದ್ದು ಕೂತಳು. ಅಷ್ಟರಲ್ಲಿ ಎಲ್ಲರೂ ಬಂದರು. ಕೊಡ, ಬಿಂದಿಗೆ, ಚರಿಗೆ, ಪ್ಲಾಸ್ಟಿಕ್ ಬಾಟಲಿ, ಏನು ಸಿಕ್ಕಿತೋ ಅದು. ನೀರಡಿಕೆ ಆರಿದೆ, ಇನ್ನು ಸಾಕು ಎಂದು ಆಯಿ ಹೇಳಬಹುದಿತ್ತು. ಹೇಳಲಿಲ್ಲ. ಮುಂದೆ ಬಂದ ಪ್ರತಿಯೊಂದು ಪಾತ್ರೆಯಿಂದಲೂ ಒಂದೊಂದು ಗುಟುಕು ಕುಡಿದಳು. ಯಾರದನ್ನೂ ಬಿಡಲಿಲ್ಲ, ಯಾರ ಮುಖವನ್ನೂ ಎರಡು ಸಲ ನೋಡಲಿಲ್ಲ. ಅವಳು ಕುಡಿದ ಮೇಲೆ ಪಾತ್ರೆ ಹಿಡಿದವರು ಅಲ್ಲೇ ಪಕ್ಕಕ್ಕೆ ಸರಿದು ತಾವೂ ಕುಡಿಯುತ್ತಿದ್ದರು. ರಾಚೋಟಪ್ಪನವರು ಚೊಂಬು ಕೊಟ್ಟು, ಅವಳು ಕುಡಿಯುವವರೆಗೂ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

ಎಲ್ಲ ಮುಗಿಯಿತು ಎಂದುಕೊಂಡು ನಾನು ಗಂಟು ಎತ್ತಿಕೊಂಡೆ. ಆಯಿ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಸಾಕಿದವಳ ಅದೇ ಕಣ್ಣು, ಅದೇ ಮೆತ್ತನೆಯ ದನಿ.

"ನಿಮ್ಮ ಮನೀದು ತರಲಿಲ್ಲಲ್ಲ ಅಡಿವೆಪ್ಪ" ಎಂದಳು.

ನಮ್ಮಜ್ಜನ ಹತ್ತಿರ ಕಂಬಳಿ ಬಿಟ್ಟರೆ ಏನೂ ಇರಲಿಲ್ಲ ಎಂದು ಬರೆದವನು ನಾನೇ. ಕಂಬಳಿಯ ಒಳಗೆ ಏನಿತ್ತೆಂದು ನಾನು ಯಾರನ್ನೂ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಗಂಟು ಕೆಳಗಿಟ್ಟು, ಸುಟ್ಟ ಕಾಲು ಎಳೆದುಕೊಂಡು ಮನೆಗೆ ಹೋದೆ. ಬಾವಿಯಿಂದ ಸೇದಿ ಕೊಡ ತುಂಬಿಸಿದೆ. ದಂಡೆಗೆ ಬರುವಷ್ಟರಲ್ಲಿ ನೀರು ತುಳುಕಿ, ಮೊಣಕಾಲವರೆಗೂ ಒದ್ದೆಯಾಗಿದ್ದೆ. ಆಯಿ ಕಾಯುತ್ತ ಕೂತಿದ್ದಳು. ಕೊಡ ಬಗ್ಗಿಸಿದೆ. ಬೊಗಸೆಯೊಡ್ಡಿ, ಹೊಟ್ಟೆಯಲ್ಲಿ ಜಾಗವಿಲ್ಲದಿದ್ದರೂ, ಒಂದು ಗುಟುಕು ಕುಡಿದಳು.